ಕೆಂಪಾಗಬಾರದ ನಳಿಕೆ

ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಬರುವ ಎಸ್‌ಟಿ ಬಸ್ಸಿನಲ್ಲಿ ಯಾರ ಮಡಿಲಲ್ಲಾದರೂ ಡಬ್ಬಿ ಇದ್ದರೆ ಅದರಲ್ಲಿ ಪ್ರಸಾದವಿದೆ ಎಂದೇ ಜನ ತಿಳಿಯುತ್ತಾರೆ. ಆ ದಿನ ನನ್ನ ಪಕ್ಕದಲ್ಲಿ ಬಂದು ಕೂತ ಹೆಂಗಸೂ ಹಾಗೆಯೇ ತಿಳಿದಳು. ಡಬ್ಬಿಯನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು.

“ದರ್ಶನ ಛಲೋ ಆತೇನ್ರಿ?”

“ಆತ್ರಿ,” ಎಂದೆ.

“ಗರ್ದಿ ಭಾಳ ಇತ್ತೇನು?”

“ಅಷ್ಟೇನಿಲ್ರಿ.”

“ಪೇಢಾ ಏನ್ರಿ ಡಬ್ಬ್ಯಾಗ?”

ಡಬ್ಬಿಯಲ್ಲಿ ಕುರಿಯ ರಕ್ತವಿತ್ತು. ಸುತ್ತ ಐಸು, ನಡುವೆ ಟಾವೆಲ್ಲಿನಲ್ಲಿ ಸುತ್ತಿದ ಗಾಜಿನ ಸೀಸೆ, ಸೀಸೆಯಲ್ಲಿ ಅದೇ ಮುಂಜಾನೆ ಒಂದು ಕುರಿಯ ಕುತ್ತಿಗೆಯಿಂದ ತೆಗೆದ ರಕ್ತ. ಕಿಟಕಿಯ ಕಡೆ ಕೂತಿದ್ದ ನನ್ನ ಮೊಮ್ಮಗಳು ನನ್ನ ಪರವಾಗಿ ಹೇಳಿದಳು, “ಔಷಧ ಐತ್ರಿ ಮಾವಶಿ. ಥಂಡ ಇಡಬೇಕಾಗ್ತದ.” ಆ ಹೆಂಗಸು ಪಾಪ ಎಂಬಂತೆ ನನ್ನನ್ನು ನೋಡಿ ಸ್ವಲ್ಪ ಸರಿದು ಕೂತಳು.

ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಕಲಿಸಿದ್ದು ಮೊದಲು ಸುಳ್ಳಾಡಬಾರದೆಂದು, ಆಮೇಲೆ ಮೊಣಕಾಲು ಜೋಡಿಸಿ ನೇರವಾಗಿ ಕೂಡಬೇಕೆಂದು. ‘ಸ್ಟ್ರೇಟ್ ಬ್ಯಾಕ್, ನೀಸ್ ಟುಗೆದರ್.’ ಮೊದಲನೆಯದು ಆ ದಿನ ನಡೆಯಲಿಲ್ಲ, ಎರಡನೆಯದನ್ನು ದಾರಿಯುದ್ದಕ್ಕೂ ಪಾಲಿಸಿದೆ. ಏಕೆಂದರೆ ಬಸ್ಸು ಹತ್ತುವಾಗಲೇ ಹುಡುಗಿ ಹೇಳಿದ್ದಳು: “ಆಯಿ, ಕುಲುಕಬಾರ್ದು. ಕುಲುಕಿದ್ರ ರಕ್ತದ ಕಣ ಒಡೀತಾವ. ಒಡದ್ರ ನನ್ನ ಟೆಸ್ಟು ಹೋತು.” ನನ್ನ ಎಡಗೈ ಈಚೆಗೆ ಸ್ವಲ್ಪ ನಡುಗುತ್ತದೆ. ಅದನ್ನು ಬಲಗೈಯಿಂದ ಅದುಮಿ, ಎರಡನ್ನೂ ಡಬ್ಬಿಯ ಮೇಲಿಟ್ಟುಕೊಂಡು, ರಸ್ತೆಯ ಪ್ರತಿ ಗುಂಡಿಗೂ ಉಸಿರು ಹಿಡಿಯುತ್ತ ಬಂದೆ.

ನಮ್ಮದು ಸೊಲ್ಲಾಪುರದಲ್ಲಿ ಚಾದರ, ಟಾವೆಲ್ಲುಗಳ ಹೋಲ್‌ಸೇಲ್ ವ್ಯಾಪಾರದ ಮನೆ. ಮೂರು ತಲೆಮಾರಿನಿಂದ ಅಂಗಡಿ. ಈ ಮನೆಯಲ್ಲಿ ನನ್ನ ಮಗನ ಮಗಳು ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿಗೆ ಕೂತಾಗ, ‘ಬಣ್ಣದ ಕೆಮಿಕಲ್ಲು ಕಲೀತಾಳೇನೋ, ಧಂದೆಗೆ ಅನುಕೂಲಾದೀತು’ ಎಂದು ಅಂಗಡಿಯಲ್ಲಿ ಮಾತಾಡಿಕೊಂಡರು. ಅವಳು ಕಲಿಯುತ್ತಿದ್ದುದು ಬೇರೆಯೇ. ನಾನೂ ಒಂದು ಕಾಲಕ್ಕೆ ಬಿ.ಎಸ್ಸಿ. ಓದಿದವಳು. ಬೆಂಜೀನಿನ ಆರು ಮೂಲೆ ಬಿಟ್ಟರೆ ತಲೆಯಲ್ಲಿ ಹೆಚ್ಚೇನೂ ಉಳಿದಿಲ್ಲ, ಆದರೂ ಮನೆಯಲ್ಲಿ ಅವಳ ಮಾತು ಕೇಳಲು ನಾನೊಬ್ಬಳೇ. ಒಮ್ಮೆ ಅವಳು ಹಳೆಯ ಲಗ್ನಪತ್ರಿಕೆಯ ಹಿಂದೆ ನನಗಾಗಿ ತಾನು ಕಟ್ಟುತ್ತಿದ್ದ ಅಣುವಿನ ಚಿತ್ರ ಬರೆದಳು. ನಡುವೆ ಒಂದು ಚುಕ್ಕೆ. ಚುಕ್ಕೆಯಿಂದ ಹೊರಟ ಕೊಂಬೆಗಳು. ಪ್ರತಿ ಕೊಂಬೆಯ ತುದಿ ಎರಡಾಗಿ, ಅವುಗಳ ತುದಿ ಮತ್ತೆ ಎರಡಾಗಿ, ಹೊರಹೊರಗೆ ಹೋದಂತೆ ದಟ್ಟವಾಗುವ ಗುಂಡನೆಯ ಗಿಡ. ತುದಿ ತುದಿಗೆ ಒಂದೊಂದು ಪ್ಲಸ್ ಗುರುತು.

“ಜಾಲಿಗಿಡ ಇದ್ದಂಗ ಐತಲ್ಲ,” ಎಂದೆ.

“ಹಂಗಽ ತಿಳ್ಕೊ ಆಯಿ. ತುದಿಗೆಲ್ಲಾ ಮುಳ್ಳು. ಬ್ಯಾಕ್ಟೀರಿಯಾದ ಚರ್ಮದ ಮ್ಯಾಲೆ ಮೈನಸ್ ಚಾರ್ಜ್ ಇರ್ತದ, ಇದು ಪ್ಲಸ್. ಎಳಕೊಂಡು ಹೋಗಿ ಹತ್ಕೋತದ. ಹತ್ಕೊಂಡ ಮ್ಯಾಲೆ ಚರ್ಮ ಹರೀತದ, ಒಳಗಿಂದೆಲ್ಲಾ ಹೊರಗ. ನುಂಗೂ ಗುಳಿಗಿಗೆ ಬ್ಯಾಕ್ಟೀರಿಯಾ ಏನೇನೋ ಉಪಾಯ ಹುಡಕ್ತಾವ. ಚರ್ಮಾನಽ ಹರದ್ರ ಉಪಾಯ ಹುಡಕೂದು ಕಷ್ಟ.”

“ಮತ್ತ ನಮ್ಮ ಚರ್ಮ?”

ಅವಳು ಪೆನ್ನು ಕೆಳಗಿಟ್ಟಳು. “ಅದಽ ನೋಡು ಪ್ರಶ್ನಿ.”

ಆ ಪ್ರಶ್ನೆಯ ಹಿಂದೆ ಅವಳು ಬಹಳ ಕಾಲದಿಂದ ಓಡುತ್ತಿದ್ದಳು. ಚಿಕ್ಕ ಗಿಡ ಮಾಡಿದರೆ ರಕ್ತಕ್ಕೆ ಏನೂ ಆಗುತ್ತಿರಲಿಲ್ಲ, ಬ್ಯಾಕ್ಟೀರಿಯಾವೂ ಸಾಯುತ್ತಿರಲಿಲ್ಲ. ದೊಡ್ಡ ಗಿಡ ಮಾಡಿದರೆ ಬ್ಯಾಕ್ಟೀರಿಯಾ ಸಾಯುತ್ತಿತ್ತು, ಅದರ ಜೊತೆಗೆ ರಕ್ತದ ಕೆಂಪು ಕಣಗಳೂ ಒಡೆದು ಹೋಗುತ್ತಿದ್ದವು. ಈಗ ಅವಳು ಮೂರನೆಯದೊಂದನ್ನು ಮಾಡಿದ್ದಳು. ದೊಡ್ಡದೇ ಗಿಡ, ಆದರೆ ಕೆಲವು ಮುಳ್ಳುಗಳ ಮೇಲೆ ಚಾರ್ಜಿಲ್ಲದ, ಪರಮಾಣುಗಳ ಒಂದು ಸೌಮ್ಯ ಗುಂಪನ್ನು ಟೊಪ್ಪಿಗೆಯಂತೆ ತೊಡಿಸಿದ್ದಳು. ಅದು ಬ್ಯಾಕ್ಟೀರಿಯಾವನ್ನು ಕೊಲ್ಲುವುದೆಂದು ತಿಳಿದಾಗಿತ್ತು. ರಕ್ತವನ್ನು ಬಿಡುವುದೋ ಇಲ್ಲವೋ, ಅದು ತಿಳಿಯಬೇಕಿತ್ತು.

ಅದನ್ನು ಮಾಡುವ ಕಷ್ಟ ನನಗೆ ಅವಳ ಮುಖದಿಂದ ಗೊತ್ತು. ಒಂದು ಸುತ್ತಿನ ಕೊಂಬೆಗಳೆಲ್ಲ ಪೂರ್ತಿ ಮೂಡದೆ ಮುಂದಿನ ಸುತ್ತು ಶುರು ಮಾಡಿದರೆ ಗಿಡ ಕುಂಟಾಗುತ್ತದೆ, ಒಮ್ಮೆ ಕುಂಟಾದದ್ದನ್ನು ಸರಿಯಾದದ್ದರಿಂದ ಬೇರ್ಪಡಿಸಲಾಗುವುದಿಲ್ಲ. ಗಾಳಿಯ ತೇವ ತಾಗಬಾರದೆಂದು ಗಾಜಿನ ಪಾತ್ರೆಯ ಮೂತಿಗೆ ನೈಟ್ರೋಜನ್ ತುಂಬಿದ ಬಲೂನು ಕಟ್ಟಿರುತ್ತಾರೆ, ಹುಟ್ಟುಹಬ್ಬದ ಬಲೂನಿನಂಥದೇ. ಲೈಟು ಹೋದರೆ ಕಲಕುವ ಯಂತ್ರ ನಿಲ್ಲುತ್ತದೆ. ನಮ್ಮ ಓಣಿಯಲ್ಲಿ ಲೈಟು ಹೋದಾಗಲೆಲ್ಲ ನನಗೆ ಆ ಬಲೂನಿನ ಚಿಂತೆ. ಕೊನೆಗೆ ಬಂದ ಅಂಟಂಟು ಪದಾರ್ಥವನ್ನು ತೆಳ್ಳನೆಯ ಚೀಲದಲ್ಲಿ ಕಟ್ಟಿ ನೀರಿನಲ್ಲಿ ತೇಲಬಿಡುತ್ತಾರೆ. ಸಣ್ಣ ಕಸ ಚೀಲದಿಂದ ಸೋಸಿ ಹೋಗುತ್ತದೆ, ದೊಡ್ಡ ಗಿಡ ಒಳಗೇ ಉಳಿಯುತ್ತದೆ. ಅದನ್ನು ಹೆಪ್ಪುಗಟ್ಟಿಸಿ ಒಣಗಿಸಿದರೆ ಅರಳೆಯಂಥ ಬೆಳ್ಳನೆಯದು ಸಿಗುತ್ತದೆ. ಅಷ್ಟೆಲ್ಲ ದಿನಗಳ ಕೆಲಸಕ್ಕೆ ಅವಳಿಗೆ ಸಿಕ್ಕದ್ದು ಒಂದು ಚಿಟಿಕೆ ಅರಳೆ.

ಅವಳ ಗೈಡು ಒಳ್ಳೆಯವರು, ಕಟುವಾಗಿ ಮಾತಾಡುವವರಲ್ಲ. ಆದರೂ ಹೇಳಿದ್ದರು: ಈ ಸಲವೂ ರಕ್ತ ಒಡೆದರೆ ಈ ದಾರಿ ಮುಚ್ಚೋಣ, ಉಳಿದ ಸಮಯದಲ್ಲಿ ಬೇರೆ ಏನಾದರೂ ಸಣ್ಣದನ್ನು ಮಾಡಿ ಥೀಸಿಸ್ ಮುಗಿಸು. ಅದು ಸರಿಯಾದ ಮಾತೇ. ಅವಳಿಗೆ ಡಿಗ್ರಿ ಸಿಗುತ್ತಿತ್ತು. ಆದರೆ ಅವಳ ಅಜ್ಜ, ನನ್ನ ಯಜಮಾನರು, ಸೊಂಟದ ಆಪರೇಷನ್ನಿನ ಗಾಯ ಮಾಯದೆ ಹೋದವರು. ಆಸ್ಪತ್ರೆಯ ರಿಪೋರ್ಟಿನಲ್ಲಿ ಒಂದರ ಕೆಳಗೊಂದು ಆಂಟಿಬಯಾಟಿಕ್‌ಗಳ ಹೆಸರು, ಪ್ರತಿಯೊಂದರ ಮುಂದೆ ಇಂಗ್ಲಿಷಿನ ‘ಆರ್’. ರೆಸಿಸ್ಟಂಟ್. ಆಗ ಕಾಲೇಜು ಹುಡುಗಿಯಾಗಿದ್ದ ಇವಳು ಹಾಸಿಗೆಯ ಕಾಲಬುಡದಲ್ಲಿ ನಿಂತು ಆ ಕಾಗದವನ್ನು ಓದಿದ್ದಳು. ಅಜ್ಜನಿಗಾಗಿ ಮಾಡುತ್ತಿದ್ದೇನೆ ಎಂದು ಅವಳು ಎಂದೂ ಹೇಳಿದವಳಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಅವಳ ಹೆಗಲಿನ ಭಾರ ಹೆಚ್ಚಾದೀತೆಂದು ಅಂಜಿಕೆ.

ಇನ್ನು ರಕ್ತದ ಮಾತು. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವುದಿಲ್ಲ. “ಎಲ್ಲಿಂದರೆ ತಗೊಂಬಾ, ಮನಿ ಫ್ರಿಜ್ಜಿನ್ಯಾಗ ಮಾತ್ರ ಇಡಬ್ಯಾಡ,” ಎಂದು ನನ್ನ ಸೊಸೆ ಮೊದಲೇ ಹೇಳಿಬಿಟ್ಟಿದ್ದಳು. ಕಸಾಯಿ ಅಂಗಡಿಯ ರಕ್ತ ಆಗಲೇ ಹೆಪ್ಪುಗಟ್ಟಿರುತ್ತದೆ, ಕೆಲಸಕ್ಕೆ ಬಾರದು. ಬದುಕಿರುವ ಪ್ರಾಣಿಯಿಂದ ವೈದ್ಯರೇ ತೆಗೆದದ್ದು ಬೇಕು. ನನಗೆ ಅಕ್ಕಲಕೋಟ ತಾಲೂಕಿನ ನನ್ನ ತವರು ನೆನಪಾಯಿತು. ಜೋಳದ ರಾಶಿ ಮುಗಿದ ಮೇಲೆ ನನ್ನ ತಮ್ಮ ಹೊಲದಲ್ಲಿ ಕುರಿ ನಿಲ್ಲಿಸುತ್ತಾನೆ. ಕುರಿಗಾರರು ಹಿಂಡು ತಂದು ಹೊಲದಲ್ಲೇ ತಂಗುತ್ತಾರೆ, ಹೊಲಕ್ಕೆ ಗೊಬ್ಬರ, ಅವರಿಗೆ ಕಾಳು. ತಮ್ಮನಿಗೆ ಫೋನ್ ಮಾಡಿದೆ. ಅವನು ಪರಿಚಯದ ಪಶುವೈದ್ಯರನ್ನು ಒಪ್ಪಿಸಿದ, ಹುಡುಗಿ ಕಾಲೇಜಿನ ಅನುಮತಿ ತಂದಳು. ಹೀಗೆ ನಾವು ಆ ಮುಂಜಾನೆ ಅಲ್ಲಿಗೆ ಹೋದದ್ದು.

ಕುರಿ ಕಾಯುವವನು ನನ್ನ ವಯಸ್ಸಿನವನೇ. ಹಿಂಡಿನಲ್ಲಿ ಕಪ್ಪು ಕಿವಿಯದೊಂದನ್ನು ಆರಿಸಿ ಎರಡು ಕಾಲುಗಳ ನಡುವೆ ಹಿಡಿದುಕೊಂಡ. ವೈದ್ಯರು ಕುತ್ತಿಗೆಯ ಉಣ್ಣೆ ಕತ್ತರಿಸುವಾಗ ಕೇಳಿದ, “ಇದರ ರಕ್ತ ತಗೊಂಡು ಏನ್ ಮಾಡ್ತಿ ತಂಗಿ?”

“ಒಂದು ಔಷಧ ಮಾಡಾಕತ್ತೀನ್ರಿ ಕಾಕಾ. ಅದು ರಕ್ತ ಒಡೀತದೋ ಇಲ್ಲೋ ನೋಡ್ಬೇಕು.”

“ಒಡದ್ರ?”

“ಒಡದ್ರ ಅದು ಔಷಧ ಅಲ್ಲ.”

“ಮತ್ತ ನನ್ನ ಕುರಿಗೆ ಏನ್ ಸಿಗ್ತದ?”

“ನಿನ್ನ ಕುರಿ ಹೆಸರು ಪುಸ್ತಕದಾಗ ಬರ್ತದ ಬಿಡೋ,” ಎಂದ ನನ್ನ ತಮ್ಮ.

“ಬರೀಲಿ. ಆದ್ರ ಕಪ್ಪು ಕಿವೀದು ಅಂತ ಬರೀರಿ. ಇಲ್ಲಂದ್ರ ಉಳದವು ‘ನಂದಽ ಅದು’ ಅಂತ ಜಗಳಾ ಮಾಡ್ತಾವ.”

ಹೆಪ್ಪುಗಟ್ಟದಂತೆ ಮೊದಲೇ ದ್ರಾವಣ ಹಾಕಿಟ್ಟಿದ್ದ ಸೀಸೆಗೆ ರಕ್ತ ಬಂದಾಯಿತು. ಕುರಿ ಮೈ ಕೊಡವಿ ಹಿಂಡಿಗೆ ಓಡಿತು. ಹುಡುಗಿ ಹೊಲದ ಮನೆಯೊಳಗಿನಿಂದ ಕುರಿಯವನಿಗೆ ಕುಡಿಯಲು ನೀರು ತಂದಳು. ಕಟ್ಟೆಯ ಮೇಲೆ ಬೋರಲು ಹಾಕಿದ ಲೋಟ ತೆಗೆದು, ಒಂದು ಗುಟುಕು ನೀರು ಹಾಕಿ, ಗಿರ್ರನೆ ತಿರುಗಿಸಿ ಚೆಲ್ಲಿ, ಆಮೇಲೆ ತುಂಬಿ ಕೊಟ್ಟಳು. ಅವನು ನಕ್ಕ.

“ತೊಳದ ಲೋಟಾ ಮತ್ತ ತೊಳೀತಾಳ ನೋಡ್ರಿ. ಶಹರದ ಮಂದಿ ನೀರಿಗೂ ಜಳಕಾ ಮಾಡಸ್ತಾರ.”

“ಶಹರದ್ದಲ್ಲೋ, ಇದು ನಮ್ಮಕ್ಕನ ಅತ್ತಿ ಮನಿ ಚಟಾ,” ಎಂದ ತಮ್ಮ.

ನಿಜ. ನನ್ನ ಅತ್ತೆಯ ಕಾಲದಿಂದ ನಮ್ಮ ಮನೆಯಲ್ಲಿ ಯಾರಿಗೂ ಒಣ ಲೋಟದಲ್ಲಿ ನೀರು ಕೊಡುವುದಿಲ್ಲ. ಎಷ್ಟೇ ತಿಕ್ಕಿ ತೊಳೆದಿಟ್ಟಿರಲಿ, ಕೊಡುವ ಗಳಿಗೆಯಲ್ಲಿ ಒಂದು ಸಲ ಗಲಬರಿಸಿ ಚೆಲ್ಲಿಯೇ ತುಂಬಬೇಕು. ಒಣ ಲೋಟ ಕೊಟ್ಟರೆ ಬಂದವರನ್ನು ಲೆಕ್ಕಕ್ಕಿಡಲಿಲ್ಲ ಎಂದರ್ಥ. ಕಾನ್ವೆಂಟಿನ ಊಟದ ಹಾಲಿನಲ್ಲಿ ಬಟ್ಟೆಯಿಂದ ಒರೆಸಿ ಮಿರಮಿರ ಮಾಡಿದ ಗ್ಲಾಸುಗಳಲ್ಲಿ ಕುಡಿದು ಬೆಳೆದ ನನಗೆ ಈ ಪದ್ಧತಿ ರೂಢಿಯಾಗಲು ದಿನ ಹಿಡಿಯಿತು. ನನ್ನ ಮೊಮ್ಮಗಳು ನಡೆಯುವ ಮೊದಲೇ ಅದನ್ನು ಕಲಿತಿರಬೇಕು.

ಬಸ್ಸಿಳಿದು ಮನೆಗೆ ಹೋಗದೆ ರಿಕ್ಷಾದಲ್ಲಿ ನೇರ ಅವಳ ಲ್ಯಾಬಿಗೆ ಹೋದೆವು. ರಜೆಯ ದಿನ, ಬೇರೆ ಯಾರೂ ಇರಲಿಲ್ಲ. ನನ್ನನ್ನು ಎತ್ತರದ ಸ್ಟೂಲಿನ ಮೇಲೆ ಕೂಡಿಸಿ, “ಏನೂ ಮುಟ್ಟಬ್ಯಾಡ ಆಯಿ,” ಎಂದು ಅವಳು ಕೈಗವಸು ತೊಟ್ಟಳು. ರಕ್ತವನ್ನು ಯಂತ್ರದಲ್ಲಿ ತಿರುಗಿಸಿದಳು. ಕೆಂಪು ಕಣಗಳು ತಳಕ್ಕಿಳಿದವು. ಮೇಲಿನದನ್ನು ತೆಗೆದು ಉಪ್ಪುನೀರು ಹಾಕಿದಳು, ಮತ್ತೆ ತಿರುಗಿಸಿದಳು. ಮೊದಲ ಸಲ ಮೇಲಿನ ನೀರಿಗೆ ಎಳೆಯ ಗುಲಾಬಿ ಬಣ್ಣವಿತ್ತು. ಆಮೇಲೆ ತಿಳಿಯಾಯಿತು.

ಓವನ್ನಿನಲ್ಲಿ ಒಣಗಿಸಿದ್ದ ಸಣ್ಣ ಗಾಜಿನ ನಳಿಕೆಗಳನ್ನು ಸಾಲಾಗಿ ನಿಲ್ಲಿಸಿ ನನಗೆ ಪಾಠ ಹೇಳಿದಳು. ಈ ತುದಿಯ ನಳಿಕೆಗೆ ರಕ್ತದ ಕಣ ಮತ್ತು ಬರೀ ಉಪ್ಪುನೀರು. ಇದು ಕೆಂಪಾಗಬಾರದು. ಆ ತುದಿಯದಕ್ಕೆ ರಕ್ತದ ಕಣ ಮತ್ತು ಬರೀ ನೀರು. ಉಪ್ಪಿಲ್ಲದ ನೀರು ಕಣದೊಳಗೆ ನುಗ್ಗಿ ಅದನ್ನು ಉಬ್ಬಿಸಿ ಒಡೆಯುತ್ತದೆ, ಅದು ಪೂರ್ತಿ ಕೆಂಪಾಗಬೇಕು. ನಡುವಿನ ನಳಿಕೆಗಳಲ್ಲಿ ಅವಳ ಗಿಡ, ಸ್ವಲ್ಪದಿಂದ ಹೆಚ್ಚಿಗೆ. ಅವು ಯಾವ ತುದಿಯ ಕಡೆ ವಾಲುತ್ತವೆ ಎನ್ನುವುದೇ ಪರೀಕ್ಷೆ.

ಅವಳ ಕೈ ಎಷ್ಟು ಚುರುಕು, ಎಷ್ಟು ಅಚ್ಚುಕಟ್ಟು. ನೀರಿನ ಮೆತ್ತನೆಯ ಬಾಟಲಿಯನ್ನು ಹಿಚುಕಿ ಒಂದೊಂದು ನಳಿಕೆಯನ್ನೂ ಗಲಬರಿಸಿ, ತಲೆಕೆಳಗು ಮಾಡಿ ಝಾಡಿಸಿ, ಸ್ಟ್ಯಾಂಡಿನಲ್ಲಿಟ್ಟು, ತುಂಬುತ್ತ ಹೋದಳು. ಅತ್ತೆಯವರು ನೋಡಿದ್ದರೆ ಮೆಚ್ಚುತ್ತಿದ್ದರು ಎಂದುಕೊಂಡೆ.

ಬೆಚ್ಚಗಿನ ಪೆಟ್ಟಿಗೆಯಲ್ಲಿ ನಳಿಕೆಗಳು ಕೂತವು. ನಾವು ಸೊಸೆ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಹೊರಗಿನ ಮೆಟ್ಟಿಲ ಮೇಲೆ ಬಿಚ್ಚಿದೆವು. ಅವಳು ಅದು ಇದು ಮಾತಾಡುತ್ತಿದ್ದಳು, ಕಣ್ಣು ಬಾಗಿಲ ಕಡೆಗೇ.

ಮತ್ತೆ ಯಂತ್ರ ತಿರುಗಿ ನಿಂತಿತು. ಅವಳು ಮುಚ್ಚಳ ತೆಗೆದಳು. ನಾನು ಕನ್ನಡಕ ಒರೆಸಿಕೊಂಡು ಎದ್ದು ಹೋಗುವಷ್ಟರಲ್ಲಿ ಅವಳ ಬೆನ್ನು ನೋಡಿಯೇ ನನಗೆ ತಿಳಿಯಿತು. ನಡುವಿನ ನಳಿಕೆಗಳೆಲ್ಲ ಕೆಂಪಾಗಿದ್ದವು, ಕೆಲವು ತಿಳಿಗೆಂಪು, ಕೆಲವು ದಾಳಿಂಬೆಯ ಹಾಗೆ.

“ಒಡದಾವ,” ಎಂದಳು.

ಆಮೇಲೆ ಈ ತುದಿಯ ನಳಿಕೆಯನ್ನು ಎತ್ತಿ ಕಿಟಕಿಗೆ ಹಿಡಿದಳು. ಔಷಧವೇ ಇಲ್ಲದ, ಬರೀ ಉಪ್ಪುನೀರಿನ, ಕೆಂಪಾಗಲೇಬಾರದ ನಳಿಕೆ. ಅದೂ ಕೆಂಪಾಗಿತ್ತು.

“ಇದ್ಯಾಕ ಕೆಂಪಾತು?” ಎಂದೆ.

“ಕಂಟ್ರೋಲ್ ಹೋತು. ಅಂದ್ರ ಇವತ್ತಿನ ಟೆಸ್ಟಿಗೆ ಅರ್ಥ ಇಲ್ಲ. ಔಷಧ ಒಡೀತೋ, ಮೊದಲಽ ಒಡದಿತ್ತೋ, ಹೇಳಾಕ ಬರಂಗಿಲ್ಲ.” ಅವಳು ಸ್ಟೂಲಿನ ಮೇಲೆ ಕೂತು ಕೈಗವಸು ಕಳಚಿದಳು. “ಅರ್ಧಾ ಪದಾರ್ಥ ಮುಗೀತು ಆಯಿ.”

ಅವಳು ಗೈಡಿಗೆ ಫೋನ್ ಮಾಡಿದ್ದು ಕಾರಿಡಾರಿನಲ್ಲಿ ನಿಂತು. ಆದರೂ ಕೇಳಿಸಿತು. ಸರ್, ಬಸ್ಸಿನಲ್ಲಿ ಕುಲುಕಿರಬೇಕು ಎಂದು ಮರಾಠಿಯಲ್ಲಿ ಹೇಳುತ್ತಿದ್ದಳು. ಕುರಿಯ ರಕ್ತ ಭಾಳ ನಾಜೂಕು, ದಾರಿಯಲ್ಲೇ ಕಣಗಳು ಸೋತಿರಬೇಕು.

ನಾನು ನನ್ನ ಎಡಗೈಯನ್ನು ನೋಡಿಕೊಂಡೆ. ಸೆರಗಿನಲ್ಲಿ ಮುಚ್ಚಿಕೊಂಡೆ.

ಗೈಡು ಮುಂದಿನ ವಾರ ಕೂತು ನಿರ್ಧಾರ ಮಾಡೋಣ ಎಂದಿದ್ದರು. ಉಗುರಿನ ಮೇಲೆ ಹಿಡಿಯುವಷ್ಟು ಅರಳೆ ಉಳಿದಿತ್ತು, ಇನ್ನೊಂದೇ ಪರೀಕ್ಷೆಗೆ ಸಾಕಾಗುವಷ್ಟು. ಹುಡುಗಿ ಅದನ್ನು ಮುಟ್ಟಲು ಹೆದರಿದಳು. ಯಾಕೆ ಕೆಟ್ಟಿತೆಂದು ತಿಳಿಯದೆ ಮತ್ತೆ ಮಾಡಿದರೆ ಮತ್ತೆ ಕೆಡುತ್ತದೆ, ಆಗ ಏನೂ ಉಳಿಯುವುದಿಲ್ಲ. ಮಾಡದೆ ಬಿಟ್ಟರೆ ದಾರಿ ಮುಚ್ಚುತ್ತದೆ. ಅವಳು ಲ್ಯಾಬಿಗೆ ಹೋಗುವಳು, ಬರುವಳು, ತಟ್ಟೆಯ ಮುಂದೆ ಕೂತು ರೊಟ್ಟಿಯ ಅಂಚನ್ನು ಮುರಿಯುತ್ತ ಹೋಗುವಳು. ನಾನು ಎದುರಿಗೆ ಕೂತರೆ ಎದ್ದು ಹೋಗುತ್ತಾಳೇನೋ ಎಂದು ನನಗೆ ಅನಿಸತೊಡಗಿತು. ಒಂದು ಮಧ್ಯಾಹ್ನ ತಡೆಯಲಾರದೆ ಕೇಳಿಯೇಬಿಟ್ಟೆ.

“ನನ್ನ ಕೈ ನಡಗಿದ್ದಕ್ಕಽ ಹಂಗಾತೇನವಾ?”

“ಇರಬಹುದು,” ಎಂದಳು. ಆಮೇಲೆ, “ಗೊತ್ತಿಲ್ಲ ಆಯಿ. ರಸ್ತಾನಽ ಹಂಗೈತಿ.”

ಸುಳ್ಳು ಸಮಾಧಾನ ಹೇಳುವ ಹುಡುಗಿಯಲ್ಲ ಅವಳು. ಅವಳು ಹಾಗೆ ಬೆಳೆಯಲಿ ಎಂದು ಬಯಸಿದವಳೂ ನಾನೇ. ಆದರೂ ಆ ‘ಇರಬಹುದು’ ನನ್ನನ್ನು ಬಹಳ ನೋಯಿಸಿತು. ಚಹಾ ಲೋಟ ಹಿಡಿದಾಗ, ವಿಭೂತಿ ಹಚ್ಚಿಕೊಳ್ಳುವಾಗ, ಸೂಜಿಗೆ ದಾರ ಪೋಣಿಸುವಾಗ ಕೈಯನ್ನೇ ನೋಡುವುದಾಯಿತು. ನೋಡಿದಷ್ಟೂ ಅದು ಹೆಚ್ಚು ನಡುಗುತ್ತಿತ್ತು.

ಆ ವಾರದ ನಡುವೆ ನನ್ನ ತಮ್ಮ ಊರಿನಿಂದ ಬಂದ. ಹೊಸ ಜೋಳದ ಚೀಲ ಇಳಿಸಿ, ಟೊಪ್ಪಿಗೆ ತೆಗೆದು, ಪಡಸಾಲೆಯಲ್ಲಿ ಕೂತ.

“ಏನವಾ ಡಾಕ್ಟರೇ, ಕರೀ ಕಿವೀದು ಪಾಸಾತೋ ಫೇಲಾತೋ? ಅಂವಾ ದಿನಾ ಕೇಳ್ತಾನ.”

“ಫೇಲ್, ಅಜ್ಜಾ,” ಎಂದು ಅವಳು ನೀರು ತರಲು ಅಡುಗೆಮನೆಗೆ ಹೋದಳು.

ನಾನು ಪಡಸಾಲೆಯಲ್ಲಿ ಕೂತಲ್ಲಿಂದ ಅವಳು ಕಾಣುತ್ತಿದ್ದಳು. ಬೋರಲಿಟ್ಟ ಲೋಟ ತೆಗೆದಳು. ಒಂದು ಗುಟುಕು ನೀರು ಹಾಕಿದಳು. ಗಿರ್ರನೆ ತಿರುಗಿಸಿದಳು. ಚೆಲ್ಲಿದಳು. ಝಾಡಿಸಿದಳು. ತುಂಬಲಿಲ್ಲ. ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಅದರೊಳಗೆ ನೋಡುತ್ತ ನಿಂತಳು. ಆ ದಿನ ನಳಿಕೆಯನ್ನು ಎತ್ತಿ ಹಿಡಿದಿದ್ದಳಲ್ಲ, ಹಾಗೆಯೇ.

“ಏನಾತು ಆಕೀಗೆ?” ಎಂದ ತಮ್ಮ. “ನೀರು ಬರ್ತದೋ ಇಲ್ಲೋ?”

“ಆಯಿ,” ಎಂದು ಅಲ್ಲಿಂದಲೇ ಕರೆದಳು. ಹೋದೆ. ಲೋಟವನ್ನು ನನ್ನ ಮುಂದೆ ಹಿಡಿದಳು. ಗೋಡೆಗೆಲ್ಲ ಹನಿಗಳು ಹತ್ತಿಕೊಂಡಿದ್ದವು, ತಳದಲ್ಲಿ ಇಳಿದು ಕೂಡಿದ ಸ್ವಲ್ಪ ನೀರು.

“ಅವತ್ತು ನಳಿಕಿಗೂ ಹಿಂಗಽ ಮಾಡಿದ್ನೇನು? ನೀ ನೋಡಾಕತ್ತಿದ್ದಿ. ಹೇಳು.”

“ಮಾಡಿದ್ದಿ,” ಎಂದೆ. “ಎಲ್ಲಾದಕ್ಕೂ. ಬಾಟ್ಲಿ ಹಿಚಕಿ ಗಲಬರಿಸಿದ್ದಿ.”

“ಬರೀ ನೀರಲೆ.”

“ಬರೀ ನೀರಲೆ.”

ಅವಳು ಲೋಟವನ್ನು ಕಟ್ಟೆಯ ಮೇಲಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳುತ್ತಾಳೆಂದು ಗಾಬರಿಯಾಯಿತು. ಕೈ ತೆಗೆದಾಗ ನಗುತ್ತಿದ್ದಳು, ನಗುವೂ ಪೂರ್ತಿ ನಗುವಲ್ಲ. “ಒಣಾ ನಳಿಕಿ ಆಯಿ! ಓವನ್ನಿನ್ಯಾಗ ಒಣಗಸಿದ್ದು! ಸಣ್ಣ ನಳಿಕ್ಯಾಗ ಇಷ್ಟು ನೀರು ನಿಂತ್ರ ಉಪ್ಪು ತೆಳ್ಳಗಾಗ್ತದ. ಕುರಿ ಕಣಕ್ಕ ಅಷ್ಟು ಸಾಕು.” ಸ್ವಲ್ಪ ತಡೆದು ಹೇಳಿದಳು, “ನಿನ್ನ ಕೈ ಅಲ್ಲ. ತೊಳದಾಗ ಮ್ಯಾಲಿನ ನೀರು ಕಡೀಕೆ ತಿಳಿ ಆತಲ್ಲ? ಬಸ್ಸಿನ್ಯಾಗ ಅಷ್ಟು ಒಡದಿದ್ರ ಅದೂ ಕೆಂಪಾಗಽ ಇರ್ತಿತ್ತು. ನಾ ಅದನ್ನ ವಿಚಾರಽ ಮಾಡಲಿಲ್ಲ.”

ಪಡಸಾಲೆಯಿಂದ ತಮ್ಮನ ದನಿ ಬಂತು: “ಹಸೀದಽ ಇರ್ಲಿ, ಒಣಾದಽ ಇರ್ಲಿ, ಒಂದ್ ಲೋಟಾ ಕೊಡ್ರವಾ.”

ಲ್ಯಾಬಿನಲ್ಲಿ ದಿನವಿಡೀ ತೇವ ತಾಗಬಾರದೆಂದು ಬಲೂನು ಕಟ್ಟುವ ಹುಡುಗಿ ಅವಳು. ರಸಾಯನದ ಕೆಲಸದಲ್ಲಿ ಅವಳಿಂದ ಇಂಥ ತಪ್ಪು ಎಂದೂ ಆಗಿರಲಿಲ್ಲ. ರಕ್ತವನ್ನು ಕಂಡಾಗ, ಪಕ್ಕದಲ್ಲಿ ಆಯಿ ಕೂತಿದ್ದಾಗ, ಸಾಲಾಗಿ ನಿಂತ ಸಣ್ಣ ಪಾತ್ರೆಗಳಿಗೆ ಏನನ್ನೋ ಸುರಿಯಬೇಕಾದಾಗ, ಕೈ ಮನೆಯ ಕೈಯಾಗಿಬಿಟ್ಟಿತ್ತು.

ಕಾರಣ ತಿಳಿದರೂ ನನ್ನ ಚಿಂತೆ ಹೋಗಲಿಲ್ಲ. ಇನ್ನು ನೆಪ ಉಳಿದಿರಲಿಲ್ಲವಲ್ಲ. ಮುಂದಿನ ಸಲ ನಳಿಕೆ ಕೆಂಪಾದರೆ ಅದು ಬಸ್ಸಿನದೂ ಅಲ್ಲ, ಕೈಯದೂ ಅಲ್ಲ, ಅವಳ ಗಿಡದ್ದೇ.

ಹಿಂಡು ಆಗಲೇ ನಮ್ಮ ಹೊಲ ಬಿಟ್ಟು ಹೋಗಿತ್ತು. ತಮ್ಮ ಫೋನಿನ ಮೇಲೆ ಫೋನು ಮಾಡಿದ. “ಬೋರಾಮಣಿ ಮಾಳದ ಕಡೆ ಅದಾನಂತ ಅಕ್ಕಾ. ಹುಲ್ಲು ಇರೂತನಕ ಅಲ್ಲೇ.” ಅಕ್ಕಲಕೋಟದ ಪಶುವೈದ್ಯರೇ ಆ ಕಡೆಯ ಗೆಳೆಯರಿಗೆ ಹೇಳಿ ವ್ಯವಸ್ಥೆ ಮಾಡಿದರು. ಗೈಡು ಗೊತ್ತುಮಾಡಿದ ದಿನದ ಹಿಂದಿನ ಮುಂಜಾನೆ ನಾವು ಆ ಬಯಲಿನಲ್ಲಿ ನಿಂತಿದ್ದೆವು. ಒಣಹುಲ್ಲು ಕಣ್ಣು ಮುಟ್ಟುವ ತನಕ. ಹುಡುಗಿ ಹಿಂಡಿನಲ್ಲಿ ಕಪ್ಪು ಕಿವಿಯನ್ನು ಹುಡುಕುತ್ತಿದ್ದಳು.

“ಅದನ್ನ ಮಾರಿದ್ನವಾ,” ಎಂದ ಕುರಿ ಕಾಯುವವನು. “ಮಂದ್ರೂಪದವರು ಒಯ್ದರು. ಇದರದ್ದು ತಗೋ, ಇದೂ ಅದರ ತಂಗಿನಽ.”

ಅವಳ ಮುಖ ಸಣ್ಣದಾಯಿತು. ರಕ್ತ ತೆಗೆಯುವಾಗ ಆ ಕುರಿಯ ಹಣೆಯ ಮೇಲೆ ಅಂಗೈ ಇಟ್ಟುಕೊಂಡಿದ್ದಳು.

ಬಸ್ಸು ಬಂದಾಗ ನಾನು ಡಬ್ಬಿಯಿಂದ ದೂರ ನಿಂತೆ. “ನೀನಽ ಇಟ್ಕೊ. ನಾ ಹಿಡಿಯಂಗಿಲ್ಲ.”

“ಹಿಡಿ,” ಎಂದು ಅವಳು ಅದನ್ನು ನನ್ನ ಮಡಿಲಿಗೆ ಇಟ್ಟಳು. “ನಾ ಹಿಡಿದ್ರ ನಿದ್ದಿ ಹೋಗ್ತೀನಿ. ನೀ ಸಿಸ್ಟರ್‌ಗೋಳು ಕಲಿಸಿದಂಗ ಕೂಡ್ತಿ.”

ಲ್ಯಾಬಿನಲ್ಲಿ ಅವಳು ಮೊದಲು ಮಾಡಿದ ಕೆಲಸ ನೀರಿನ ಬಾಟಲಿಯನ್ನು ತಂದು ನನ್ನ ಕೈಗೆ ಕೊಟ್ಟದ್ದು. “ನಾ ಕೇಳಿದ್ರೂ ಕೊಡಬ್ಯಾಡ. ಆ ತುದೀ ನಳಿಕಿಗೆ ಬೇಕಾದಾಗ ‘ಆ ತುದೀದಕ್ಕ’ ಅಂತ ಹೇಳಿ ಕೇಳ್ತೀನಿ, ಆವಾಗ ಕೊಡು.” ನಗೆಚಾಟಿಕೆ ಅಂದುಕೊಂಡೆ. ಓವನ್ನಿನಿಂದ ನಳಿಕೆ ತೆಗೆದು ಸಾಲಾಗಿಟ್ಟ ಕೂಡಲೇ ಅವಳ ಬಲಗೈ, ಬಾಟಲಿ ಇರುತ್ತಿದ್ದ ಜಾಗಕ್ಕೆ ತಾನಾಗಿಯೇ ಹೋಯಿತು. ಖಾಲಿ ಮೇಜನ್ನು ಮುಟ್ಟಿ ನಿಂತಿತು. ಅವಳು ಅದನ್ನು ನೋಡಿದಳು, ನಾನೂ ನೋಡಿದೆ.

ಉಳಿದಿದ್ದ ಅರಳೆಯನ್ನೆಲ್ಲ ಕರಗಿಸಿದಳು. ಸೀಸೆ ಖಾಲಿಯಾದ ಸದ್ದು ಬೇರೆಯೇ ಇರುತ್ತದೆ. ನಳಿಕೆಗಳು ಬೆಚ್ಚಗಿನ ಪೆಟ್ಟಿಗೆ ಸೇರಿದವು. ಈ ಸಲ ನಾವು ರೊಟ್ಟಿ ಬಿಚ್ಚಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕೂತು ನಾನು ಮನಸ್ಸಿನಲ್ಲಿ ಒಮ್ಮೆ ಕೊರಳ ಲಿಂಗಪ್ಪನನ್ನು ನೆನೆದೆ, ಒಮ್ಮೆ ಚಾಪೆಲ್ಲಿನಲ್ಲಿ ಮೊಣಕಾಲೂರಿ ಕಲಿತ ಪ್ರೇಯರ್ ಹೇಳಿಕೊಂಡೆ, ಅರ್ಧಕ್ಕೆ ಮರೆತುಹೋಯಿತು. ಅವಳ ಅಜ್ಜ ಕೊನೆಕೊನೆಗೆ ಪ್ರತಿ ಹೊಸ ಇಂಜೆಕ್ಷನ್ನು ಬಂದಾಗ ಕೇಳುತ್ತಿದ್ದರು, “ಇದಾದ್ರೂ ಕೆಲಸ ಮಾಡ್ತದೇನು?” ಆ ದನಿ ಬಂತು. ನಾನು ಆಗ ‘ಮಾಡ್ತದ’ ಎನ್ನುತ್ತಿದ್ದೆ. ಈಗ ಅವಳು ಕೇಳಿದರೆ ಏನು ಹೇಳುವುದೆಂದು ಯೋಚಿಸುತ್ತಿದ್ದೆ. ಅವಳು ಕೇಳಲಿಲ್ಲ.

ಯಂತ್ರ ತಿರುಗಿ, ಗುಂಯ್ಗುಟ್ಟಿ, ನಿಧಾನವಾಗಿ ನಿಂತಿತು.

ಅವಳು ಮೊದಲು ಎತ್ತಿದ್ದು ಈ ತುದಿಯ ನಳಿಕೆ. ತಳದಲ್ಲಿ ಕೆಂಪು ಗುಂಡಿಯಂತೆ ಕಣಗಳು, ಮೇಲೆ ತಿಳಿನೀರು. ಆ ತುದಿಯದು ಪೂರ್ತಿ ಕೆಂಪು. “ಕಂಟ್ರೋಲ್ ಬರೋಬರಿ,” ಎಂದಳು. ನಡುವಿನವನ್ನು ಒಂದೊಂದಾಗಿ ಕಿಟಕಿಗೆ ಹಿಡಿದಳು. ತಿಳಿ. ಅದರ ಪಕ್ಕದ್ದೂ ತಿಳಿ. ಮುಂದಿನದನ್ನು ಬಹಳ ಹೊತ್ತು ನೋಡಿದಳು, ಬಿಳಿಯ ಕಾಗದ ಹಿಂದಿಟ್ಟು ನೋಡಿದಳು, ನನಗೂ ತೋರಿಸಿದಳು. ತಿಳಿಯೇ. ಅದರಾಚೆಯದಕ್ಕೆ ಗುಲಾಬಿಯ ಸುಳಿವು. ಕೊನೆಯದು ಕೆಂಪು.

“ಒಡೀತದ,” ಎಂದೆ.

“ಭಾಳ ಹಾಕಿದ್ರ ಒಡೀತದ. ಬ್ಯಾಕ್ಟೀರಿಯಾ ಸಾಯೂದು ಇಲ್ಲೆ.” ಬೆರಳಿನಿಂದ ತಿಳಿಯಾಗಿದ್ದ ಒಂದು ನಳಿಕೆಯನ್ನು ಮುಟ್ಟಿದಳು. ಆಮೇಲೆ ಗುಲಾಬಿಯದನ್ನು. “ಒಡಿಯೂದು ಇಲ್ಲಿಂದ. ನಡುವ ಇಷ್ಟು ಜಾಗಾ ಐತಿ.” ಆ ಜಾಗ ಎರಡು ಬೆರಳಿನಷ್ಟೂ ಇರಲಿಲ್ಲ.

“ಸಾಕೇನು?”

“ಔಷಧ ಅನ್ನಾಕ ಸಾಲೂದಿಲ್ಲ ಆಯಿ. ಇನ್ನೂ ಭಾಳ ಟೆಸ್ಟು ಅದಾವ, ಯಾವದರಾಗರೆ ಬಿದ್ದೀತು. ಮತ್ತ ಮೊದಲಿಂದ ಮಾಡ್ಬೇಕು, ಪದಾರ್ಥಾ ಏನೂ ಉಳದಿಲ್ಲ.” ನಳಿಕೆಗಳ ಫೋಟೋ ತೆಗೆದು ಗೈಡಿಗೆ ಕಳಿಸಿದಳು. ಫೋನನ್ನು ಮೇಜಿನ ಮೇಲಿಟ್ಟು ಇಬ್ಬರೂ ಅದನ್ನೇ ನೋಡುತ್ತ ಕೂತೆವು. ಬಹಳ ಹೊತ್ತಿಗೆ ಅದು ಅಲುಗಾಡಿತು. ಅವಳು ಓದಿ, ನನ್ನ ಕಡೆ ತಿರುಗಿಸಿದಳು. ನಾಳೆ ಬಾ, ಮುಂದಿನ ಬ್ಯಾಚಿನ ಪ್ಲ್ಯಾನ್ ಮಾಡೋಣ ಎಂದಷ್ಟೇ ಇಂಗ್ಲಿಷಿನಲ್ಲಿತ್ತು.

ರಿಕ್ಷಾದಲ್ಲಿ ಮನೆಗೆ ಬರುವಾಗ ಅವಳು ನನ್ನ ಹೆಗಲಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದ್ದಳು. ಮತ್ತೆ ಬಲೂನು, ಮತ್ತೆ ಲೈಟು ಹೋಗುವ ಚಿಂತೆ, ಮತ್ತೆ ಒಂದು ಚಿಟಿಕೆ ಅರಳೆ. ನನಗೆ ಅಷ್ಟು ದಿನ ಇದ್ದೀತೋ ಇಲ್ಲವೋ ಎಂದೂ ಒಂದು ಯೋಚನೆ ಬಂದು ಹೋಯಿತು. ರಿಕ್ಷಾ ಗುಂಡಿಗೆ ಇಳಿದು ಹತ್ತಿತು.

“ಆಯಿ,” ಎಂದಳು, ಕಣ್ಣು ತೆರೆಯದೆ. “ಡಬ್ಬಿ ಖಾಲಿ ಐತಿ.”

ನೋಡಿಕೊಂಡರೆ, ಎರಡೂ ಕೈಯಿಂದ ಅದನ್ನು ಅದುಮಿ ಹಿಡಿದು ನೇರವಾಗಿ ಕೂತಿದ್ದೆ.

“ಗೊತ್ತೈತಿ,” ಎಂದೆ. ಹಾಗೇ ಹಿಡಿದುಕೊಂಡು ಬಂದೆ.